ಜಾಲಮಳಿಗೆಯ ಪಠ್ಯ: ರಚನೆ ಮತ್ತು ವ್ಯವಸ್ಥೆ
(ಕನ್ನಡ ಪುಸ್ತಕ ಮಾರಾಟವನ್ನು ಅನುಲಕ್ಷಿಸಿ)

೧. ಪೀಠಿಕೆ

ವ್ಯಾಪಾರಕ್ಕೂ ಬರವಣಿಗೆಗೂ ಇರುವ ಸಂಬಂಧ ಕನ್ನಡದಲ್ಲಿ ಹೊಸದೇನೂ ಅಲ್ಲ. ಅಯ್ಯಾವೊಳೆ ಐನೂರ್ವರ ಶಾಸನಗಳಲ್ಲಿ ಆ ವರ್ತಕ ಸಂಘದ ಪ್ರಶಸ್ತಿಯೊಡನೆ ಅವರು ಸಾಗಿಸುತ್ತಿದ್ದ ಸರಕುಗಳ ಉಲ್ಲೇಖವೂ ಬರುತ್ತದೆ. ಸುಂಕವನ್ನು ಕುರಿತ ಶಾಸನಗಳಲ್ಲಿ ಅಡಕೆ, ಎಲೆ, ಎಣ್ಣೆಗಳಂತಹ ವಸ್ತುಗಳ ಹೆಸರುಗಳೂ ಅಳತೆಗಳೂ ದಾಖಲಾಗಿವೆ. ಮಾರುವವನು ತಾನು ಯಾರೆಂದು ಹೇಳಿಕೊಳ್ಳಬೇಕು, ಮಾರುವ ವಸ್ತುವನ್ನು ಹೆಸರಿಟ್ಟು ಗುರುತಿಸಬೇಕು, ಅಳತೆ ಬೆಲೆಗಳನ್ನು ಖಚಿತಪಡಿಸಬೇಕು ಎಂಬ ಮೂರು ಅಗತ್ಯಗಳು ಅಂದಿನಿಂದ ಇಂದಿನವರೆಗೂ ಉಳಿದುಬಂದಿವೆ. ಬದಲಾಗಿರುವುದು ಬರವಣಿಗೆಯ ಮಾಧ್ಯಮ ಮಾತ್ರ.

ಪುಸ್ತಕ ವ್ಯಾಪಾರದ ಮಟ್ಟಿಗೆ ಹೇಳುವುದಾದರೆ, ಗಳಗನಾಥರು (೧೮೬೯–೧೯೪೨) ತಮ್ಮ ಕಾದಂಬರಿಗಳನ್ನು ಊರೂರಿಗೆ ಹೊತ್ತೊಯ್ದು ಮಾರಿದ ಸಂಗತಿ ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ತಿಳಿದದ್ದೇ. ೧೯೩೩ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರ ಮೂಲಕ ಓದುಗರನ್ನು ಮುಟ್ಟುವ ಇನ್ನೊಂದು ಮಾರ್ಗವನ್ನು ತೆರೆಯಿತು. ಮೊದಲನೆಯದರಲ್ಲಿ ಪುಸ್ತಕದ ಪರವಾಗಿ ಮಾತನಾಡಲು ಲೇಖಕನೇ ಎದುರಿಗಿದ್ದ; ಎರಡನೆಯದರಲ್ಲಿ ಪ್ರಕಾಶಕನ ಆಯ್ಕೆಯ ಮೇಲೆ ಓದುಗರಿಗಿದ್ದ ನಂಬಿಕೆಯೇ ಮಾತನಾಡುತ್ತಿತ್ತು. ಇಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿರುವ ಕನ್ನಡಿಗನು ಊರಿಗೆ ಹೋಗಿಬರುವಾಗಲೋ ಕನ್ನಡ ಸಂಘದ ಸಮಾರಂಭದಲ್ಲಿ ಮಳಿಗೆ ಹಾಕಿದಾಗಲೋ ಮಾತ್ರ ಪುಸ್ತಕ ಕೊಳ್ಳಬೇಕಾದ ಕಾಲ ಕಳೆದಿದೆ. ಮನೆಯಲ್ಲಿಯೇ ಕುಳಿತು ಅಂತರಜಾಲದ ಮೂಲಕ ಪುಸ್ತಕ ತರಿಸಿಕೊಳ್ಳುವುದು ಸಾಧ್ಯವಾಗಿದೆ. ಹೀಗೆ ಜಾಲತಾಣದ ಮೂಲಕ ನಡೆಯುವ ಅಂಗಡಿಯನ್ನು ಈ ಲೇಖನದಲ್ಲಿ ‘ಜಾಲಮಳಿಗೆ’ ಎಂದು ಕರೆಯಲಾಗಿದೆ.

ಜಾಲಮಳಿಗೆಯಲ್ಲಿ ಲೇಖಕನಾಗಲಿ, ಪ್ರಕಾಶಕನಾಗಲಿ, ಅಂಗಡಿಕಾರನಾಗಲಿ ಎದುರಿಗೆ ಇರುವುದಿಲ್ಲ. ಅಲ್ಲಿರುವುದು ಬರವಣಿಗೆಯೊಂದೇ. ಆದ್ದರಿಂದ ಆ ಬರವಣಿಗೆಯ ರಚನೆ ಹಾಗೂ ವ್ಯವಸ್ಥೆಗಳು ಯಂತ್ರತಜ್ಞನ ಕೆಲಸವಾಗಿರುವಷ್ಟೇ ಪಠ್ಯವಿದ್ವಾಂಸನ ಕೆಲಸವೂ ಆಗಿವೆ ಎಂಬುದನ್ನು ಇಲ್ಲಿ ಪ್ರತಿಪಾದಿಸಲಾಗಿದೆ. ಗ್ರಂಥಸಂಪಾದನೆ, ನಿಘಂಟು ರಚನೆ, ಗ್ರಂಥಸೂಚಿ ಈ ಮೂರು ಕ್ಷೇತ್ರಗಳಲ್ಲಿ ಕನ್ನಡ ಅಧ್ಯಯನವು ಗಳಿಸಿಕೊಂಡಿರುವ ಶಿಸ್ತು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

೨. ಪಠ್ಯದ ಕಾರ್ಯ

ಅಮೆಜಾನ್ ಸಂಸ್ಥೆಯು ೧೯೯೫ರಲ್ಲಿಯೂ ಬೆಂಗಳೂರಿನ ಫ್ಲಿಪ್‌ಕಾರ್ಟ್ ೨೦೦೭ರಲ್ಲಿಯೂ ವ್ಯಾಪಾರಕ್ಕಿಳಿದಾಗ ಎರಡೂ ಪುಸ್ತಕ ಮಾರಾಟದಿಂದಲೇ ಆರಂಭಿಸಿದವೆಂಬುದು ಗಮನಾರ್ಹ. ಬಟ್ಟೆಯನ್ನು ಮುಟ್ಟಿ ನೋಡಬೇಕು, ಹಣ್ಣನ್ನು ಮೂಸಿ ನೋಡಬೇಕು. ಪುಸ್ತಕವನ್ನಾದರೋ ಲೇಖಕ, ಶೀರ್ಷಿಕೆ, ಆವೃತ್ತಿ, ವಿಷಯಗಳ ವಿವರದಿಂದಲೇ ಬಹುಮಟ್ಟಿಗೆ ಆರಿಸಿಕೊಳ್ಳಬಹುದು. ಅಂದರೆ ಪುಸ್ತಕವು ವಿವರಣೆಯಿಂದ ಮಾರಾಟವಾಗುವ ವಸ್ತು. ವಿವರಣೆಯು ದುರ್ಬಲವಾದಲ್ಲಿ ಮಾರಾಟವೂ ದುರ್ಬಲವಾಗುತ್ತದೆ.

ಒಳ್ಳೆಯ ಪುಸ್ತಕ ವ್ಯಾಪಾರಿಯು ಅಂಗಡಿಯಲ್ಲಿ ಮಾಡುವ ಕೆಲಸವನ್ನು ವಿಶ್ಲೇಷಿಸಿದರೆ ಅದರಲ್ಲಿ ನಾಲ್ಕು ಅಂಶಗಳು ಕಂಡುಬರುತ್ತವೆ. ಬಂದವನು ಅರ್ಧಂಬರ್ಧ ಹೇಳಿದ ಹೆಸರಿನಿಂದ ಬೇಕಾದ ಪುಸ್ತಕವನ್ನು ಗುರುತಿಸುವುದು. ಆ ಪುಸ್ತಕ ಯಾವ ಬಗೆಯದು, ಯಾರಿಗೆ ತಕ್ಕದ್ದು ಎಂದು ತಿಳಿಸುವುದು. ಅದು ಇಲ್ಲದಿದ್ದರೆ ಅದಕ್ಕೆ ಹತ್ತಿರವಾದ ಇನ್ನೊಂದನ್ನು ತೋರಿಸುವುದು. ಬೆಲೆ, ಕಳುಹಿಸುವ ಖರ್ಚು, ಹಿಂದಿರುಗಿಸುವ ಅವಕಾಶ ಇವುಗಳ ಬಗ್ಗೆ ಭರವಸೆ ನೀಡುವುದು. ಜಾಲಮಳಿಗೆಯ ಪಠ್ಯವು ಈ ನಾಲ್ಕನ್ನೂ ನಿರ್ವಹಿಸಬೇಕು. ಮೊದಲನೆಯದು ಹುಡುಕಾಟದ ಪ್ರಶ್ನೆ, ಎರಡನೆಯದು ವಿವರಣೆಯ ಪ್ರಶ್ನೆ, ಮೂರನೆಯದು ವರ್ಗೀಕರಣದ ಪ್ರಶ್ನೆ, ನಾಲ್ಕನೆಯದು ವಿಶ್ವಾಸದ ಪ್ರಶ್ನೆ.

ಗ್ರಂಥಾಲಯ ವಿಜ್ಞಾನದಲ್ಲಿ ಈ ಪ್ರಶ್ನೆಗಳ ವಿವೇಚನೆ ಬಹು ಹಿಂದೆಯೇ ನಡೆದಿದೆ. ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿದ್ದು, ಮುಂದೆ ೧೯೬೨ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದ ಎಸ್.ಆರ್. ರಂಗನಾಥನ್ ಅವರು ೧೯೩೧ರಲ್ಲಿ ಪ್ರಕಟಿಸಿದ ಪಂಚಸೂತ್ರಗಳು ಪ್ರಸಿದ್ಧವಾಗಿವೆ. ಗ್ರಂಥಗಳಿರುವುದು ಉಪಯೋಗಕ್ಕಾಗಿ, ಪ್ರತಿ ಓದುಗನಿಗೂ ಅವನ ಗ್ರಂಥ, ಪ್ರತಿ ಗ್ರಂಥಕ್ಕೂ ಅದರ ಓದುಗ, ಓದುಗನ ಸಮಯದ ಉಳಿತಾಯ, ಗ್ರಂಥಾಲಯವು ಬೆಳೆಯುವ ಜೀವಿ ಎಂಬುದು ಅವುಗಳ ಸಾರ. ಇಲ್ಲಿ ‘ಗ್ರಂಥಾಲಯ’ ಎಂಬಲ್ಲಿ ‘ಜಾಲಮಳಿಗೆ’ ಎಂದಿಟ್ಟರೂ ಸೂತ್ರಗಳ ಅರ್ಥ ಕೆಡುವುದಿಲ್ಲ.

೩. ಪುಟಗಳ ಬಗೆಗಳು

ಜಾಲಮಳಿಗೆಯ ಪುಟಗಳನ್ನು ಅವುಗಳ ಕಾರ್ಯವನ್ನು ಆಧರಿಸಿ ಐದು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಮುಖಪುಟ. ಮಳಿಗೆ ಯಾರದು, ಇಲ್ಲಿ ಏನು ದೊರೆಯುತ್ತದೆ, ಎಲ್ಲಿಂದ ಹುಡುಕಲು ಆರಂಭಿಸಬೇಕು ಎಂಬುದನ್ನು ಇದು ತಿಳಿಸಬೇಕು. ಎಲ್ಲವನ್ನೂ ಮುಖಪುಟದಲ್ಲಿಯೇ ತುಂಬುವುದು ಸಾಮಾನ್ಯವಾಗಿ ಕಾಣುವ ದೋಷ. ಹೊಸ್ತಿಲಲ್ಲಿಯೇ ಸರಕು ಪೇರಿಸಿದರೆ ಒಳಗೆ ಹೋಗಲು ದಾರಿ ಇರುವುದಿಲ್ಲ.

ಎರಡನೆಯದು ವರ್ಗಪುಟ, ಕಾದಂಬರಿ, ಕವಿತೆ, ವಿಮರ್ಶೆ, ಮಕ್ಕಳ ಸಾಹಿತ್ಯ ಎಂಬಂತಹ ವಿಭಾಗಗಳ ಪುಟ. ಇದು ಕೇವಲ ಪಟ್ಟಿಯಾಗಿರದೆ ಆ ವಿಭಾಗದಲ್ಲಿ ಏನಿದೆ ಎಂಬುದನ್ನು ಎರಡು ಮೂರು ವಾಕ್ಯಗಳಲ್ಲಿ ಹೇಳಬೇಕು. ಮೂರನೆಯದು ಲೇಖಕಪುಟ. ಒಬ್ಬ ಲೇಖಕನ ದೊರೆಯುವ ಕೃತಿಗಳೆಲ್ಲ ಒಂದೆಡೆ ಸೇರುವ ಜಾಗವಿದು. ನಾಲ್ಕನೆಯದು ಪುಸ್ತಕದ ಪುಟ; ಕೊಳ್ಳುವ ತೀರ್ಮಾನ ಆಗುವುದು ಇಲ್ಲಿಯೇ. ಐದನೆಯದು ವ್ಯವಹಾರಪುಟ. ಮಾರುವವರ ವಿಳಾಸ, ಸಾಗಣೆ, ಪಾವತಿ, ಹಿಂದಿರುಗಿಸುವಿಕೆ, ದೂರು ಇವುಗಳ ವಿವರ ಇದರಲ್ಲಿರುತ್ತದೆ.

ಈ ಐದೂ ಪರಸ್ಪರ ಕೊಂಡಿಗಳಿಂದ ಕೂಡಿರಬೇಕು. ಹುಡುಕುಯಂತ್ರದ ಮೂಲಕ ಬರುವವನು ಮುಖಪುಟಕ್ಕೆ ಬರದೆ ನೇರವಾಗಿ ಪುಸ್ತಕದ ಪುಟಕ್ಕೇ ಬಂದುಬಿಡುವುದು ಸಾಮಾನ್ಯ. ಆದುದರಿಂದ ಪ್ರತಿಯೊಂದು ಪುಸ್ತಕದ ಪುಟವೂ ತನ್ನಷ್ಟಕ್ಕೆ ಪೂರ್ಣವಾಗಿದ್ದು, ಅದರಿಂದ ಲೇಖಕಪುಟಕ್ಕೂ ವರ್ಗಪುಟಕ್ಕೂ ದಾರಿ ಇರಬೇಕಾದುದು ಅವಶ್ಯ.

೪. ಪುಸ್ತಕದ ಪುಟ

ಪುಸ್ತಕದ ಪುಟದಲ್ಲಿ ಎರಡು ಸ್ತರಗಳಿರುತ್ತವೆ. ಒಂದು ಖಚಿತ ಮಾಹಿತಿ, ಇನ್ನೊಂದು ವಿವರಣೆ. ಶೀರ್ಷಿಕೆ, ಲೇಖಕ, ಅನುವಾದವಾದರೆ ಅನುವಾದಕ ಮತ್ತು ಮೂಲಭಾಷೆ, ಪ್ರಕಾಶಕ, ಮೊದಲ ಮುದ್ರಣದ ವರ್ಷ, ಈಗಿನ ಮುದ್ರಣದ ವರ್ಷ, ಪುಟಸಂಖ್ಯೆ, ರಟ್ಟಿನ ಬಗೆ, ಬೆಲೆ, ಐ.ಎಸ್.ಬಿ.ಎನ್. ಸಂಖ್ಯೆ ಇವು ಖಚಿತ ಮಾಹಿತಿಗೆ ಸೇರಿದವು. ಐ.ಎಸ್.ಬಿ.ಎನ್. ೨೦೦೭ರಿಂದ ೧೩ ಅಂಕಿಗಳದ್ದಾಗಿದೆ. ಅದಕ್ಕೆ ಹಿಂದಿನ ಮುದ್ರಣಗಳಲ್ಲಿ ೧೦ ಅಂಕಿಗಳಿರುತ್ತವೆ. ಇನ್ನೂ ಹಳೆಯ ಕನ್ನಡ ಪುಸ್ತಕಗಳಿಗೆ ಅದು ಇರುವುದೇ ಇಲ್ಲ. ಅಂತಹವಕ್ಕೆ ಮಳಿಗೆಯವರು ತಮ್ಮದೇ ಆದ ಕ್ರಮಸಂಖ್ಯೆಯನ್ನು ಕೊಟ್ಟುಕೊಳ್ಳಬೇಕಾಗುತ್ತದೆ.

ಮೊದಲ ಮುದ್ರಣ ಮತ್ತು ಈಗಿನ ಮುದ್ರಣಗಳ ವ್ಯತ್ಯಾಸವನ್ನು ಹೇಳದಿರುವುದು ಸಣ್ಣ ಲೋಪವೆಂದು ತೋರಬಹುದು. ಆದರೆ ಶಿವರಾಮ ಕಾರಂತರ ‘ಚೋಮನ ದುಡಿ’ಯ ಪುಟದಲ್ಲಿ ಮರುಮುದ್ರಣದ ವರ್ಷವೊಂದೇ ಇದ್ದರೆ, ಅದು ೧೯೩೩ರ ಕೃತಿಯೆಂಬುದು ಹೊಸ ಓದುಗನಿಗೆ ತಿಳಿಯುವ ಬಗೆ ಹೇಗೆ? ಹೊರನಾಡಿನಲ್ಲಿ ಬೆಳೆದ, ಕನ್ನಡ ಸಾಹಿತ್ಯ ಚರಿತ್ರೆಯನ್ನು ಶಾಲೆಯಲ್ಲಿ ಓದದ ತರುಣನಿಗೆ ಈ ಪುಟವೇ ಸಾಹಿತ್ಯ ಚರಿತ್ರೆಯ ಮೊದಲ ಪಾಠವಾಗಬಹುದು.

ವಿವರಣೆಯ ರಚನೆಯಲ್ಲಿ ಎರಡು ಮಾದರಿಗಳನ್ನು ಹೋಲಿಸಿ ನೋಡಬಹುದು. ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ಮೊದಲ ಮಾದರಿ: ‘ಕನ್ನಡದ ಅತ್ಯಂತ ಶ್ರೇಷ್ಠ ಲೇಖಕರ ಅದ್ಭುತ, ಅಮೋಘ ಕಾದಂಬರಿ. ಪ್ರತಿಯೊಬ್ಬರೂ ಓದಲೇಬೇಕಾದ ಕೃತಿ. ಇಂದೇ ಕೊಳ್ಳಿರಿ.’

ಎರಡನೆಯ ಮಾದರಿ: ‘ಮುಂಬಯಿಯ ದೊಡ್ಡ ಕಂಪನಿಯೊಂದರಲ್ಲಿ ಅಧಿಕಾರಿಯಾಗಿರುವ ನಾಗಪ್ಪನನ್ನು ಇದ್ದಕ್ಕಿದ್ದಂತೆ ಕೆಲಸದಿಂದ ಅಮಾನತಿನಲ್ಲಿ ಇಡಲಾಗುತ್ತದೆ. ತನ್ನ ಮೇಲಿರುವ ಆರೋಪವೇನು, ತನ್ನನ್ನು ಬೇಟೆಯಾಡುತ್ತಿರುವವರು ಯಾರು ಎಂಬುದನ್ನು ಅರಿಯಲು ಅವನು ನಡೆಸುವ ಹೋರಾಟವೇ ಈ ಕಾದಂಬರಿ. ಮೊದಲ ಮುದ್ರಣ ೧೯೭೯. ನಗರಜೀವನ, ಉದ್ಯೋಗ, ಭಯ ಇವುಗಳನ್ನು ಕುರಿತ ಕನ್ನಡ ಬರವಣಿಗೆಯಲ್ಲಿ ಆಸಕ್ತಿಯುಳ್ಳವರು ಓದಬಹುದಾದ ಕೃತಿ.’

ಮೊದಲನೆಯ ಮಾದರಿಯನ್ನು ಯಾವ ಕಾದಂಬರಿಗಾದರೂ ಅಂಟಿಸಬಹುದು. ಆದುದರಿಂದಲೇ ಅದು ಯಾವ ಕಾದಂಬರಿಯ ವಿವರಣೆಯೂ ಅಲ್ಲ. ಎರಡನೆಯದನ್ನು ಬೇರೊಂದು ಪುಸ್ತಕಕ್ಕೆ ಅಂಟಿಸಲು ಬರುವುದಿಲ್ಲ. ವಿವರಣೆಯ ಗುಣವನ್ನು ಪರೀಕ್ಷಿಸಲು ಇದೊಂದು ಸುಲಭವಾದ ಒರೆಗಲ್ಲು: ಶೀರ್ಷಿಕೆಯನ್ನು ಮುಚ್ಚಿ ಓದಿದಾಗಲೂ ಕೃತಿಯ ಗುರುತು ಹತ್ತಬೇಕು. ಹುಡುಕಾಟದ ದೃಷ್ಟಿಯಿಂದಲೂ ಎರಡನೆಯದೇ ಪ್ರಯೋಜನಕಾರಿ. ಮುಂಬಯಿ, ನಗರಜೀವನ, ಉದ್ಯೋಗ ಎಂಬ ಶಬ್ದಗಳನ್ನು ಬಳಸಿ ಹುಡುಕುವವನಿಗೆ ಅದು ಸಿಗುತ್ತದೆ. ‘ಅದ್ಭುತ’ ಎಂದು ಹುಡುಕಿ ಪುಸ್ತಕ ಕೊಳ್ಳುವವರು ವಿರಳ.

ಹೆಚ್ಚಿನ ಓದುಗರು ಈ ಪುಟಗಳನ್ನು ಮೊಬೈಲಿನ ಕಿರಿದಾದ ಪರದೆಯಲ್ಲಿ ನೋಡುವುದರಿಂದ ಮೊದಲ ಎರಡು ವಾಕ್ಯಗಳಲ್ಲಿಯೇ ಕೃತಿಯ ತಿರುಳು ಬರಬೇಕು. ಲೇಖಕರ ಬಿರುದು, ಪ್ರಶಸ್ತಿಗಳ ಪಟ್ಟಿ ಲೇಖಕಪುಟಕ್ಕೆ ಸಲ್ಲುತ್ತದೆ. ಬೆನ್ನುಡಿ, ಮುನ್ನುಡಿಗಳನ್ನು ಯಥಾವತ್ತಾಗಿ ನಕಲು ಮಾಡುವ ರೂಢಿಯನ್ನೂ ಇಲ್ಲಿ ಪ್ರಸ್ತಾಪಿಸಬೇಕು. ಭಾರತದಲ್ಲಿ ಲೇಖಕನ ಜೀವಿತಾವಧಿಯಲ್ಲಿಯೂ ಅವನು ತೀರಿಕೊಂಡ ವರ್ಷದ ಅನಂತರ ೬೦ ವರ್ಷಗಳವರೆಗೂ ಕೃತಿಸ್ವಾಮ್ಯವಿರುತ್ತದೆ. ಮುನ್ನುಡಿಯೂ ಒಂದು ಕೃತಿಯೇ ಆದ್ದರಿಂದ ಅದನ್ನು ಪೂರ್ಣವಾಗಿ ಬಳಸಲು ಹಕ್ಕುದಾರರ ಒಪ್ಪಿಗೆ ಬೇಕಾಗುತ್ತದೆ.

೫. ವರ್ಗೀಕರಣ ಮತ್ತು ನಾಮನಿರ್ಣಯ

ಕಪಾಟಿನಲ್ಲಿ ಒಂದು ಪುಸ್ತಕಕ್ಕೆ ಒಂದೇ ಸ್ಥಾನ. ೧೮೭೬ರ ಡ್ಯೂಯಿ ದಶಮಾಂಶ ಪದ್ಧತಿಯು ಪ್ರತಿ ಗ್ರಂಥಕ್ಕೂ ಒಂದು ನೆಲೆಯನ್ನು ನಿಗದಿಪಡಿಸುವ ಈ ಅಗತ್ಯವನ್ನು ಪೂರೈಸಿತು. ೧೯೩೩ರಲ್ಲಿ ರಂಗನಾಥನ್ ಅವರು ಪ್ರಕಟಿಸಿದ ಕೋಲನ್ ವರ್ಗೀಕರಣವು ವಿಷಯವನ್ನು ಹಲವು ಮುಖಗಳಾಗಿ ಒಡೆದು ಮತ್ತೆ ಕೂಡಿಸುವ ವಿಧಾನವನ್ನು ತಂದಿತು. ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂದು ಅವರು ಹೆಸರಿಸಿದ ಐದು ಮೂಲ ವರ್ಗಗಳು ಜಾಲತಾಣದ ವ್ಯವಸ್ಥೆಗೆ ಬಹಳ ಚೆನ್ನಾಗಿ ಹೊಂದುತ್ತವೆ. ಏಕೆಂದರೆ ಜಾಲದಲ್ಲಿ ಕಪಾಟಿನ ನಿರ್ಬಂಧವಿಲ್ಲ. ಒಂದೇ ಪುಸ್ತಕ ಹಲವು ಕಡೆ ಕಾಣಿಸಿಕೊಳ್ಳಬಹುದು.

‘ಶಿಕಾರಿ’ಯನ್ನೇ ಮತ್ತೆ ನೋಡಿದರೆ, ಪ್ರಕಾರದಿಂದ ಅದು ಕಾದಂಬರಿ, ಪಂಥದಿಂದ ನವ್ಯ, ದೇಶದಿಂದ ಮುಂಬಯಿ, ಕಾಲದಿಂದ ೧೯೭೦ರ ದಶಕ. ಈ ನಾಲ್ಕು ಮುಖಗಳನ್ನು ಪ್ರತ್ಯೇಕವಾಗಿ ದಾಖಲಿಸಿದರೆ, ‘ಮುಂಬಯಿಯನ್ನು ಕುರಿತ ಕನ್ನಡ ಕಾದಂಬರಿಗಳು’ ಎಂಬ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಅದರಲ್ಲಿ ಚಿತ್ತಾಲರ ಪಕ್ಕದಲ್ಲಿ ವ್ಯಾಸರಾಯ ಬಲ್ಲಾಳರ ‘ಬಂಡಾಯ’ವೂ ಬಂದು ನಿಲ್ಲುತ್ತದೆ. ದೇಶ ಎಂಬ ಮುಖವನ್ನು ದಾಖಲಿಸದೆ ಹೋದರೆ ಇವೆರಡೂ ಸಾವಿರಾರು ಕಾದಂಬರಿಗಳ ನಡುವೆ ಬೇರೆಬೇರೆಯಾಗಿ ಮುಳುಗಿಹೋಗುತ್ತವೆ. ಹೊರನಾಡಿನ ಸಾಹಿತ್ಯವನ್ನು ಒಂದು ಪರಂಪರೆಯಾಗಿ ಕಾಣಿಸುವ ಶಕ್ತಿ ಹೀಗೆ ಪಟ್ಟಿಯ ವ್ಯವಸ್ಥೆಗೇ ಇದೆ.

ಆದರೆ ಮುಖಗಳನ್ನು ಹೆಚ್ಚಿಸುತ್ತ ಹೋಗುವುದೂ ಅಪಾಯಕರ. ವರ್ಗದ ಹೆಸರುಗಳಿಗೆ ಒಂದು ನಿಶ್ಚಿತ ಪಟ್ಟಿ ಇರಬೇಕು. ‘ಜೀವನಚರಿತ್ರೆ’, ‘ಜೀವನ ಚರಿತ್ರೆ’, ‘ವ್ಯಕ್ತಿಚಿತ್ರ’, ‘ಚರಿತ್ರೆ–ಜೀವನ’ ಎಂದು ನಾಲ್ವರು ನಾಲ್ಕು ಬಗೆಯಾಗಿ ದಾಖಲಿಸಿದರೆ ಒಂದು ವರ್ಗ ನಾಲ್ಕಾಗಿ ಒಡೆಯುತ್ತದೆ. ನಿಘಂಟುಕಾರನು ಮುಖ್ಯೋಲ್ಲೇಖವನ್ನು ಒಂದೆಡೆ ಕೊಟ್ಟು ಉಳಿದ ರೂಪಗಳಿಂದ ಅದಕ್ಕೆ ‘ನೋಡಿ’ ಎಂದು ಕಳುಹಿಸುವ ಕ್ರಮವನ್ನೇ ಇಲ್ಲಿಯೂ ಅನುಸರಿಸಬೇಕು.

ಲೇಖಕರ ಹೆಸರಿನ ವಿಷಯದಲ್ಲಿ ಈ ಕ್ರಮ ಇನ್ನಷ್ಟು ಅಗತ್ಯ. ಕನ್ನಡದಲ್ಲಿ ಕಾವ್ಯನಾಮದ ಬಳಕೆ ವ್ಯಾಪಕವಾಗಿದೆ. ಕುವೆಂಪು ಮತ್ತು ಕೆ.ವಿ. ಪುಟ್ಟಪ್ಪ, ದ.ರಾ. ಬೇಂದ್ರೆ ಮತ್ತು ಅಂಬಿಕಾತನಯದತ್ತ, ಶ್ರೀರಂಗ ಮತ್ತು ಆದ್ಯ ರಂಗಾಚಾರ್ಯ, ತ್ರಿವೇಣಿ ಮತ್ತು ಅನಸೂಯಾ ಶಂಕರ್ ಇವು ವಿದ್ವಾಂಸನಿಗೆ ನಾಲ್ಕೇ ಹೆಸರುಗಳು, ಯಂತ್ರಕ್ಕೆ ಎಂಟು. ಕೃತಿಗಳ ಶೀರ್ಷಿಕೆಯಲ್ಲಿಯೂ ಇದೇ ಸಮಸ್ಯೆ. ೧೯೩೬ರ ‘ಕಾನೂರು ಸುಬ್ಬಮ್ಮ ಹೆಗ್ಗಡಿತಿ’ಯು ‘ಕಾನೂರು ಹೆಗ್ಗಡಿತಿ’ಯೆಂದೇ ಹೆಚ್ಚು ಪರಿಚಿತವಾಗಿದೆ. ಪ್ರತಿ ಲೇಖಕನಿಗೂ ಪ್ರತಿ ಕೃತಿಗೂ ಒಂದು ಅಧಿಕೃತ ರೂಪವನ್ನು ನಿರ್ಣಯಿಸಿ, ಪರ್ಯಾಯ ರೂಪಗಳನ್ನೆಲ್ಲ ಅದಕ್ಕೆ ಜೋಡಿಸುವುದು ಕನ್ನಡ ಬಲ್ಲವರಿಂದ ಮಾತ್ರ ಆಗುವ ಕೆಲಸ.

೬. ಲಿಪಿ ಮತ್ತು ಹುಡುಕಾಟ

ಜಾಲಮಳಿಗೆಯ ಕನ್ನಡ ಪಠ್ಯಕ್ಕೆ ಎರಡು ಬಗೆಯ ಓದುಗರಿದ್ದಾರೆ: ಮನುಷ್ಯ ಮತ್ತು ಯಂತ್ರ. ಮನುಷ್ಯನು ಅಕ್ಷರದ ಆಕಾರವನ್ನು ಓದುತ್ತಾನೆ, ಯಂತ್ರವು ಅದರ ಹಿಂದಿರುವ ಸಂಕೇತವನ್ನು ಓದುತ್ತದೆ. ಇವೆರಡರ ನಡುವಣ ಅಂತರವೇ ಕನ್ನಡ ಹುಡುಕಾಟದ ಬಹುಪಾಲು ತೊಡಕುಗಳಿಗೆ ಕಾರಣ.

ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿ ಕನ್ನಡಕ್ಕೆ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿತ್ತು. ಆದರೂ ಅನೇಕ ವರ್ಷಗಳ ಕಾಲ ಕನ್ನಡದ ಮುದ್ರಣಕಾರ್ಯವೆಲ್ಲ ಬೇರೆಬೇರೆ ತಂತ್ರಾಂಶಗಳ ತಮ್ಮದೇ ಫಾಂಟ್ ಸಂಕೇತಗಳಲ್ಲಿ ನಡೆಯಿತು. ಅಂತಹ ಕಡತದ ಪಠ್ಯವನ್ನು ಪರಿವರ್ತಿಸದೆ ಜಾಲಕ್ಕೆ ಹಾಕಿದರೆ, ಆ ಫಾಂಟ್ ಇಲ್ಲದ ಕಡೆ ಅದು ರೋಮನ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ, ಹುಡುಕುಯಂತ್ರಕ್ಕೂ ಕನ್ನಡವೆಂದು ತಿಳಿಯುವುದಿಲ್ಲ. ಪುಸ್ತಕದ ಹೆಸರನ್ನು ಮುಖಪುಟದ ಚಿತ್ರದಲ್ಲಿ ಮಾತ್ರ ಕಾಣಿಸಿ, ಪಠ್ಯವಾಗಿ ಬರೆಯದೆ ಬಿಡುವುದೂ ಇಷ್ಟೇ ಹಾನಿಕರ. ಹುಡುಕಾಟಕ್ಕೆ ಸಿಗಬೇಕಾದ ಮಾತನ್ನು ಚಿತ್ರದ ಭರವಸೆಯ ಮೇಲೆ ಬಿಡಬಾರದು.

ಪರಿವರ್ತಿಸಿದ ಪಠ್ಯದಲ್ಲಿಯೂ ಪರಿಶೀಲಿಸಬೇಕಾದ ಅಂಶಗಳಿವೆ.

(ಅ) ಅನುಸ್ವಾರದ ಸ್ಥಾನದಲ್ಲಿ ಕನ್ನಡದ ಸೊನ್ನೆಯ ಅಂಕಿ ಬಂದಿರುವುದು. ಕಣ್ಣಿಗೆ ಎರಡೂ ಒಂದೇ, ಸಂಕೇತ ಬೇರೆ. ‘ಸಂಸ್ಕಾರ’ ಎಂಬಲ್ಲಿ ಸೊನ್ನೆ ಬಿದ್ದಿದ್ದರೆ ಆ ಹೆಸರಿನ ಕಾದಂಬರಿ ಹುಡುಕಾಟಕ್ಕೆ ಸಿಗದೆ ಹೋಗಬಹುದು.

(ಆ) ಸ್ವರಚಿಹ್ನೆಗಳ ಎರಡು ರೂಪ. ‘ಕೊ’ ಎಂಬ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊತ್ವಗಳ ಕೂಡಿಕೆಯಾಗಿಯೂ ದಾಖಲಿಸಲು ಸಾಧ್ಯ. ಯೂನಿಕೋಡ್ ಇವೆರಡನ್ನೂ ಸಮಾನವೆಂದು ಹೇಳುತ್ತದೆಯಾದರೂ ಪಠ್ಯವನ್ನು ಏಕರೂಪಕ್ಕೆ ತರದಿದ್ದರೆ ಸರಳವಾದ ಹುಡುಕು ವ್ಯವಸ್ಥೆ ಇವನ್ನು ಬೇರೆಯೆಂದೇ ಎಣಿಸುತ್ತದೆ.

(ಇ) ಕಾಣದ ಜೋಡಕ ಚಿಹ್ನೆಗಳು. ಅರ್ಕಾವೊತ್ತು ಬಳಸಿ ಬರೆದ ‘ಸೂರ್ಯ’ಕ್ಕೂ, ರಕಾರವನ್ನು ಮೇಲಿಟ್ಟು ಯಕಾರವನ್ನು ಒತ್ತಾಗಿ ಬರೆದ ರೂಪಕ್ಕೂ ನಡುವೆ ಇಂತಹ ಚಿಹ್ನೆಯ ವ್ಯತ್ಯಾಸವಿರುತ್ತದೆ. ‘ರಾಜ್‌ಕುಮಾರ್’, ‘ರಾಜ್ಕುಮಾರ್’, ‘ರಾಜಕುಮಾರ್’ ಎಂಬ ರೂಪಗಳೂ ಇದೇ ಬಗೆಯ ತೊಡಕನ್ನು ಉಂಟುಮಾಡುತ್ತವೆ.

(ಈ) ಪದವಿಭಜನೆ. ‘ಚೋಮನ ದುಡಿ’ ಮತ್ತು ‘ಚೋಮನದುಡಿ’ ಎರಡೂ ಬಳಕೆಯಲ್ಲಿವೆ. ಸಮಾಸಪದಗಳನ್ನು ಕೂಡಿಸಿ ಬರೆಯುವ, ಬಿಡಿಸಿ ಬರೆಯುವ ವಿಚಾರದಲ್ಲಿ ಕನ್ನಡ ಮುದ್ರಣದಲ್ಲಿ ಏಕರೂಪತೆ ಇಲ್ಲದಿರುವುದರಿಂದ ಎರಡು ರೂಪಗಳನ್ನೂ ದಾಖಲಿಸಬೇಕು.

(ಉ) ವಿಭಕ್ತಿ ಮತ್ತು ವಚನ. ಓದುಗನು ‘ಕಾರಂತರ ಕಾದಂಬರಿಗಳು’ ಎಂದು ಹುಡುಕುತ್ತಾನೆ. ಪಟ್ಟಿಯಲ್ಲಿರುವುದು ‘ಶಿವರಾಮ ಕಾರಂತ’, ‘ಕಾದಂಬರಿ’. ಪ್ರಕೃತಿ ಪ್ರತ್ಯಯಗಳನ್ನು ಬೇರ್ಪಡಿಸಬಲ್ಲ ವ್ಯವಸ್ಥೆ ಇಲ್ಲದ ಕಡೆ, ವರ್ಗಪುಟ ಹಾಗೂ ಲೇಖಕಪುಟಗಳ ಪೀಠಿಕಾ ವಾಕ್ಯಗಳಲ್ಲಿ ಈ ರೂಪಗಳು ಸಹಜವಾಗಿ ಬರುವಂತೆ ಬರೆಯುವುದು ಒಂದು ಉಪಾಯ. ‘ಕಾರಂತರ ಕಾದಂಬರಿಗಳು, ನಾಟಕಗಳು ಮತ್ತು ಪ್ರವಾಸಕಥನಗಳು ಈ ಪುಟದಲ್ಲಿ ದೊರೆಯುತ್ತವೆ’ ಎಂಬ ಒಂದು ವಾಕ್ಯ ಓದುಗನಿಗೂ ಯಂತ್ರಕ್ಕೂ ದಾರಿ ತೋರಿಸುತ್ತದೆ.

(ಊ) ಅಕಾರಾದಿ ಕ್ರಮ. ಯೂನಿಕೋಡಿನ ಸಂಕೇತಕ್ರಮವೂ ಕನ್ನಡ ವರ್ಣಮಾಲೆಯ ಕ್ರಮವೂ ಒಂದೇ ಅಲ್ಲ. ಸಂಕೇತಕ್ರಮದಲ್ಲಿ ಳಕಾರವು ಲಕಾರದ ಒಡನೆಯೇ ಬರುತ್ತದೆ. ವರ್ಣಮಾಲೆಯಲ್ಲಿ ಅದು ಹಕಾರದ ನಂತರದ್ದು. ಹೀಗಾಗಿ ನಿಘಂಟಿನಲ್ಲಿ ‘ಕಳಸ’ಕ್ಕೆ ಮೊದಲು ಬರುವ ‘ಕಹಳೆ’ಯು, ಸಂಕೇತಗಳನ್ನಷ್ಟೇ ನೋಡಿ ಜೋಡಿಸಿದ ಪಟ್ಟಿಯಲ್ಲಿ ಅದರ ನಂತರ ಬರುತ್ತದೆ. ಶೀರ್ಷಿಕೆಗಳ ಪಟ್ಟಿಯನ್ನು ಯಂತ್ರ ಜೋಡಿಸಿದ ಮೇಲೆ ಬಲ್ಲವರೊಬ್ಬರು ಒಮ್ಮೆ ನೋಡಬೇಕಾದುದು ಇದರಿಂದಾಗಿಯೇ.

ಇವುಗಳ ಜೊತೆಗೆ ಹೊರನಾಡಿನ ಓದುಗನದೇ ಆದ ಇನ್ನೊಂದು ಅಗತ್ಯವಿದೆ. ಕನ್ನಡವನ್ನು ಆಡಬಲ್ಲ, ಓದಲೂ ಬಲ್ಲ, ಆದರೆ ಕನ್ನಡ ಕೀಲಿಮಣೆಯ ರೂಢಿಯಿಲ್ಲದ ಅನೇಕರು ರೋಮನ್ ಲಿಪಿಯಲ್ಲಿಯೇ ಹುಡುಕುತ್ತಾರೆ. ಪ್ರತಿ ಶೀರ್ಷಿಕೆಗೂ ಲೇಖಕನಿಗೂ ಒಂದು ರೋಮನ್ ರೂಪವನ್ನು ಪುಟದಲ್ಲಿ ಕೊಡುವುದು ಲಿಪಿಯ ಅವಗಣನೆಯಲ್ಲ, ಲಿಪಿಯ ಬಳಿಗೆ ಕರೆತರುವ ದಾರಿ.

೭. ಪಠ್ಯದ ಭಾಷೆ

ಜಾಲಮಳಿಗೆಗಳ ಕನ್ನಡವು ಬಹಳಷ್ಟು ಸಂದರ್ಭಗಳಲ್ಲಿ ಇಂಗ್ಲಿಷಿನ ಯಾಂತ್ರಿಕ ಅನುವಾದವಾಗಿರುತ್ತದೆ. ಕ್ರಿಯಾಪದ ವಾಕ್ಯದ ನಡುವೆ ಸಿಕ್ಕಿಹಾಕಿಕೊಳ್ಳುವುದು, ಕರ್ಮಣಿ ಪ್ರಯೋಗದ ಅತಿರೇಕ, ಏಕವಚನ ಬಹುವಚನಗಳ ಗೊಂದಲ ಇವು ಅದರ ಲಕ್ಷಣಗಳು. ‘ನಿಮ್ಮ ಆದೇಶವು ಯಶಸ್ವಿಯಾಗಿ ಇರಿಸಲ್ಪಟ್ಟಿದೆ’ ಎಂಬ ವಾಕ್ಯ ಯಾವ ಕನ್ನಡಿಗನ ಬಾಯಿಂದಲೂ ಬರುವಂಥದಲ್ಲ. ‘ನೀವು ಕೇಳಿದ ಪುಸ್ತಕಗಳನ್ನು ಬರೆದುಕೊಂಡಿದ್ದೇವೆ’ ಎಂದರೆ ಸಾಕು.

ಪಾರಿಭಾಷಿಕ ಶಬ್ದಗಳ ವಿಷಯದಲ್ಲಿ ಎರಡು ಅತಿರೇಕಗಳನ್ನೂ ಬಿಡಬೇಕು. ‘ಆರ್ಡರ್’, ‘ಕೊರಿಯರ್’, ‘ಪಿನ್‌ಕೋಡ್’ ಇವು ಎಲ್ಲರಿಗೂ ತಿಳಿದ ಶಬ್ದಗಳು. ಇವಕ್ಕೆ ಹೊಸ ಸಂಸ್ಕೃತ ಪದಗಳನ್ನು ಸೃಷ್ಟಿಸಬೇಕಾಗಿಲ್ಲ. ಆದರೆ ‘ಬೆಲೆ’, ‘ರಿಯಾಯಿತಿ’, ‘ವಿಳಾಸ’, ‘ಹುಡುಕಿ’, ‘ಹಿಂದಿರುಗಿಸಿ’ ಎಂಬ ನಿತ್ಯದ ಕನ್ನಡ ಶಬ್ದಗಳಿರುವಾಗ ಇಂಗ್ಲಿಷನ್ನು ಲಿಪ್ಯಂತರ ಮಾಡುವುದೂ ಅನುಚಿತ. ಒಮ್ಮೆ ಆರಿಸಿಕೊಂಡ ಶಬ್ದವನ್ನು ಎಲ್ಲ ಪುಟಗಳಲ್ಲಿಯೂ ಬಳಸಬೇಕು. ಒಂದು ಪುಟದಲ್ಲಿ ‘ಚೀಲ’, ಇನ್ನೊಂದರಲ್ಲಿ ‘ಬುಟ್ಟಿ’, ಮತ್ತೊಂದರಲ್ಲಿ ‘ಕಾರ್ಟ್’ ಎಂದಿದ್ದರೆ ಅವು ಮೂರು ಬೇರೆ ವಸ್ತುಗಳೆಂದು ಓದುಗ ಭಾವಿಸಿದರೆ ಆಶ್ಚರ್ಯವಿಲ್ಲ.

೮. ವಿಶ್ವಾಸ ಮತ್ತು ವಿಧಿ

ವ್ಯವಹಾರಪುಟದ ಪಠ್ಯಕ್ಕೆ ಕಾನೂನಿನ ಆಧಾರವಿದೆ. ೨೦೨೦ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ಜಾಲದ ಮೂಲಕ ಮಾರುವ ಸಂಸ್ಥೆಯು ತನ್ನ ಅಧಿಕೃತ ಹೆಸರು, ವಿಳಾಸ, ಸಂಪರ್ಕ ವಿವರ, ದೂರು ಸ್ವೀಕರಿಸುವ ಅಧಿಕಾರಿಯ ಹೆಸರು ಇವನ್ನು ಸ್ಪಷ್ಟವಾಗಿ ಪ್ರಕಟಿಸಬೇಕು. ದೂರು ಬಂದ ೪೮ ಗಂಟೆಗಳೊಳಗೆ ಸ್ವೀಕೃತಿ ತಿಳಿಸಿ ಒಂದು ತಿಂಗಳೊಳಗೆ ಅದನ್ನು ಪರಿಹರಿಸಬೇಕು. ಕೊಳ್ಳುವವನ ಒಪ್ಪಿಗೆಯನ್ನು ಮೊದಲೇ ಗುರುತು ಹಾಕಿಟ್ಟ ಚೌಕದ ಮೂಲಕ ಪಡೆಯುವಂತಿಲ್ಲ. ಮಾರುವವರು ಗ್ರಾಹಕರ ಸೋಗಿನಲ್ಲಿ ತಮ್ಮ ಸರಕಿನ ವಿಮರ್ಶೆಯನ್ನು ತಾವೇ ಬರೆದು ಪ್ರಕಟಿಸುವುದನ್ನೂ ಈ ನಿಯಮಗಳು ನಿಷೇಧಿಸುತ್ತವೆ. ಪುಸ್ತಕದ ವಿವರಣೆ ಬರೆಯುವವನು ಈ ಕೊನೆಯ ಅಂಶವನ್ನು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು: ವಿವರಣೆ ಮಳಿಗೆಯದು, ಅಭಿಪ್ರಾಯ ಓದುಗನದು.

೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ ಭಾಷೆಯ ದೃಷ್ಟಿಯಿಂದ ಮಹತ್ವದ ಅಂಶವೊಂದಿದೆ. ವ್ಯಕ್ತಿಯ ಮಾಹಿತಿಯನ್ನು ಸಂಗ್ರಹಿಸುವ ಮುನ್ನ ಕೊಡುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ೨೨ ಭಾಷೆಗಳಲ್ಲಿ ಯಾವುದರಲ್ಲೇ ಆಗಲಿ ಓದುವ ಆಯ್ಕೆ ಇರಬೇಕೆಂದು ಅದು ವಿಧಿಸುತ್ತದೆ. ಕನ್ನಡವು ಆ ಅನುಸೂಚಿಯಲ್ಲಿದೆ. ಕರ್ನಾಟಕದ ಗಡಿಯೊಳಗೆ ಎಂಬ ಮಿತಿ ಇದಕ್ಕಿಲ್ಲದಿರುವುದರಿಂದ ದೆಹಲಿಯ ಕನ್ನಡಿಗನಿಗೂ ಈ ಆಯ್ಕೆ ಸಲ್ಲುತ್ತದೆ. ಇಂತಹ ಸೂಚನೆಗಳನ್ನು ಅರ್ಥವಾಗುವ ಕನ್ನಡದಲ್ಲಿ ಬರೆಯಬಲ್ಲವರ ಅಗತ್ಯ ಪುಸ್ತಕ ಮಳಿಗೆಗಳಿಗೆ ಮಾತ್ರವಲ್ಲದೆ ಎಲ್ಲ ವಾಣಿಜ್ಯಕ್ಕೂ ಇದೆ.

೯. ನಿರ್ವಹಣೆ

ಅಚ್ಚಾದ ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಜಾಲಮಳಿಗೆಯ ಪಠ್ಯ ಮುಗಿಯುವುದಿಲ್ಲ. ಮುದ್ರಣ ತೀರಿದ ಪುಸ್ತಕದ ಪುಟವನ್ನು ಅಳಿಸಿಹಾಕ���ವ ಬದಲು ‘ಪ್ರತಿಗಳು ಮುಗಿದಿವೆ’ ಎಂದು ಸೂಚಿಸಿ ಉಳಿಸಿಕೊಳ್ಳುವುದು ಲೇಸು. ಅಂತಹ ಪುಟ ಓದುಗನಿಗೆ ಮಾಹಿತಿಯಾಗಿಯೂ ಪ್ರಕಾಶಕನಿಗೆ ಬೇಡಿಕೆಯ ಸಾಕ್ಷಿಯಾಗಿಯೂ ನಿಲ್ಲುತ್ತದೆ. ಪುಟದ ವಿಳಾಸವನ್ನು ಪದೇ ಪದೇ ಬದಲಿಸಬಾರದು. ಬೆಲೆ ಮತ್ತು ಮುದ್ರಣದ ವಿವರಗಳನ್ನು ಕಾಲಕಾಲಕ್ಕೆ ತಿದ್ದಲು ಒಬ್ಬರು ಹೊಣೆಗಾರರಿರಬೇಕು. ಹುಡುಕಾಟದಲ್ಲಿ ಫಲ ದೊರೆಯದ ಶಬ್ದಗಳನ್ನು ಪ್ರತಿ ತಿಂಗಳೂ ನೋಡುವುದು ಬಹಳ ಉಪಯುಕ್ತ. ಓದುಗರು ಯಾವ ರೂಪದಲ್ಲಿ ಹೆಸರುಗಳನ್ನು ಬರೆಯುತ್ತಾರೆ, ಯಾವ ಪುಸ್ತಕಗಳನ್ನು ಬಯಸುತ್ತಾರೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಆಕರವಿಲ್ಲ.

೧೦. ಸಮಾರೋಪ

ಈವರೆಗಿನ ವಿವೇಚನೆಯಿಂದ ಸ್ಪಷ್ಟವಾಗುವುದೇನೆಂದರೆ, ಜಾಲಮಳಿಗೆಯ ಪಠ್ಯರಚನೆಯು ಜಾಹೀರಾತು ಬರವಣಿಗೆಗಿಂತ ಗ್ರಂಥಸೂಚಿಯ ರಚನೆಗೆ ಹೆಚ್ಚು ಹತ್ತಿರವಾದುದು. ಪಾಠಾಂತರಗಳನ್ನು ಗುರುತಿಸುವ ಗ್ರಂಥಸಂಪಾದಕನ ಕಣ್ಣು, ಮುಖ್ಯೋಲ್ಲೇಖವನ್ನು ನಿರ್ಣಯಿಸುವ ನಿಘಂಟುಕಾರನ ವಿವೇಕ, ಕೃತಿಯ ತಿರುಳನ್ನು ನಾಲ್ಕು ವಾಕ್ಯಗಳಲ್ಲಿ ಹೇಳಬಲ್ಲ ವಿಮರ್ಶಕನ ಸಂಯಮ ಇವು ಅದಕ್ಕೆ ಬೇಕಾದ ಗುಣಗಳು. ಕನ್ನಡ ಸ್ನಾತಕೋತ್ತರ ಪದವೀಧರನಿಗೆ ಅಧ್ಯಾಪನ, ಪತ್ರಿಕೋದ್ಯಮ, ಅನುವಾದಗಳ ಜೊತೆಗೆ ಇದೂ ಒಂದು ಉದ್ಯೋಗಕ್ಷೇತ್ರವಾಗಬಲ್ಲದು.

ಹೊರನಾಡಿನ ಕನ್ನಡ ವಿಭಾಗಗಳು ಈ ದಿಶೆಯಲ್ಲಿ ಕೈಗೊಳ್ಳಬಹುದಾದ ಒಂದು ಕೆಲಸವನ್ನು ಸೂಚಿಸಬಹುದು. ತಮ್ಮ ನಗರದಲ್ಲಿ ಬಾಳಿ ಬರೆದ ಕನ್ನಡ ಲೇಖಕರ ಅಧಿಕೃತ ನಾಮರೂಪ, ಕಾವ್ಯನಾಮ, ಪರ್ಯಾಯ ರೂಪಗಳು, ಕೃತಿಗಳ ಮೊದಲ ಮುದ್ರಣದ ವರ್ಷ, ಪ್ರತಿ ಕೃತಿಗೂ ನಾಲ್ಕು ವಾಕ್ಯಗಳ ವಿವರಣೆ ಇವುಗಳ ಒಂದು ಪಟ್ಟಿಯನ್ನು ಯೂನಿಕೋಡಿನಲ್ಲಿ ಸಿದ್ಧಪಡಿಸುವುದು. ಒಂದು ವರ್ಷದ ತರಗತಿಯ ವಿದ್ಯಾರ್ಥಿಗಳು ತಲಾ ಹತ್ತು ಕೃತಿಗಳನ್ನು ವಹಿಸಿಕೊಂಡರೂ ಕೆಲಸಕ್ಕೆ ಗಟ್ಟಿಯಾದ ಆರಂಭ ದೊರೆಯುತ್ತದೆ. ಪ್ರಕಾಶಕರೂ ಮಳಿಗೆಯವರೂ ಅದನ್ನು ಬಳಸಿಕೊಳ್ಳಬಹುದು, ಸಂಶೋಧಕರಿಗೂ ಅದು ಆಕರವಾಗುತ್ತದೆ.

ಬೆಂಗಳೂರಿನ ಓದುಗನಿಗೆ ಜಾಲದ ಪಟ್ಟಿಯಲ್ಲಿ ಸಿಗದ ಪುಸ್ತಕ ಅಂಗಡಿಯ ಕಪಾಟಿನಲ್ಲಿಯಾದರೂ ಸಿಕ್ಕೀತು. ಮುಂಬಯಿಯ, ದೆಹಲಿಯ ಓದುಗನಿಗೆ ಆ ಎರಡನೆಯ ಅವಕಾಶ ವಿರಳ. ಅವನ ಪಾಲಿಗೆ ಪಟ್ಟಿಯಲ್ಲಿ ಸಿಗದ ಪುಸ್ತಕವೂ ಅಚ್ಚಾಗದ ಪುಸ್ತಕವೂ ಒಂದೇ. ಒಂದು ಅನುಸ್ವಾರವನ್ನು ತಿದ್ದುವ, ಒಂದು ಹೆಸರನ್ನು ನಿರ್ಣಯಿಸುವ ಸಣ್ಣ ಕೆಲಸಕ್ಕೆ ಇರುವ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕಾಗಿದೆ.